ನಮ್ಮಣ್ಣ ಕೊಡದ ಕ್ಷಮೆ

ನಮ್ಮಣ್ಣ ಅಪ್ಪಲ್‌ಸಾಮಿಗೆ ಕೋಪ ಬರುತ್ತಿದ್ದುದು ವರ್ಷಕ್ಕೆ ಒಂದೋ ಎರಡೋ ಸಲ. ಮಿಕ್ಕ ದಿನಗಳ ಕೋಪವನ್ನೆಲ್ಲ ನನ್ನ ಪಾಲಿಗೆ ಬಿಟ್ಟಿದ್ದ. ಬಸ್ಸು ತಡವಾದರೆ ನನಗೆ ಕೋಪ, ಬೇಳೆ ಬೇಯದಿದ್ದರೆ ನನಗೆ ಕೋಪ, ನಾಲ್ಕನೇ ಕ್ಲಾಸಿನ ಮಕ್ಕಳು ಏಳೆಂಟಲ ಐವತ್ತನಾಲ್ಕು ಎಂದರಂತೂ ಕೇಳುವುದೇ ಬೇಡ. ಅವನು ಅಂಗಳದ ಆಚೆ ತನ್ನ ಮನೆಯ ಜಗಲಿಯಲ್ಲಿ ಕೂತು, "ಮೇಷ್ಟ್ರೇ, ಉರಿ ಸ್ವಲ್ಪ ಸಣ್ಣ ಮಾಡಿ, ಪಾಕ ತಳ ಹತ್ತುತ್ತೆ" ಎಂದು ಕೂಗುತ್ತಿದ್ದ.

ಪಾಕದ ವಿಷಯ ಅವನ ಬಾಯಲ್ಲಿ ಬರುವುದು ಸಹಜ. ಫಿಜಿ ದ್ವೀಪದ ಬಾ ಎಂಬ ಊರಿಂದ ತಾವುವಾ ಊರಿನ ಕಡೆ ಹೋಗುವ ರಸ್ತೆಯಲ್ಲಿ, ಕಬ್ಬಿನ ಗದ್ದೆಗಳ ನಡುವೆ ನಮ್ಮ ಎರಡು ತಗಡಿನ ಮನೆಗಳು ಒಂದೇ ಅಂಗಳದಲ್ಲಿವೆ. ಅಲ್ಲಿಂದ ಹದಿನೇಳನೇ ವಯಸ್ಸಿಗೆ ಸಕ್ಕರೆ ಮಿಲ್ಲಿನಲ್ಲಿ ಕಸ ಗುಡಿಸಲು ಹೋದವನು, ಮೂವತ್ತು ವರ್ಷದ ಹೊತ್ತಿಗೆ ಸಕ್ಕರೆ ಕುದಿಸುವ ದೊಡ್ಡ ಹಂಡೆಗಳ ಯಜಮಾನನಾಗಿದ್ದ. ಹಂಡೆಯಿಂದ ಒಂದು ಹನಿ ಪಾಕ ತೆಗೆದು ಗಾಜಿನ ಪಟ್ಟಿಯ ಮೇಲೆ ಹಾಕಿ, ಹೆಬ್ಬೆರಳು ತೋರುಬೆರಳಿನಿಂದ ಉಜ್ಜಿ, ಹರಳು ಕಟ್ಟಿತೋ ಇಲ್ಲವೋ ಹೇಳಬೇಕು. ಒಂದು ನಿಮಿಷ ಹೆಚ್ಚುಕಡಿಮೆಯಾದರೂ ಹಂಡೆಗಟ್ಟಲೆ ಸಕ್ಕರೆ ಕೆಡುತ್ತದೆ. ಪರದೇಶದಿಂದ ಬಂದ ಎಂಜಿನಿಯರು ಅದಕ್ಕೊಂದು ಯಂತ್ರ ಕೂರಿಸಿದ್ದ. ಕೂರಿಸಿದ ಮೇಲೂ ಮೆಟ್ಟಿಲ ಬುಡದಲ್ಲಿ ನಿಂತು, "ಸಾಮಿ, ನಿನ್ನ ಬೆರಳು ಏನನ್ನುತ್ತೆ?" ಎಂದು ಕೇಳಿಕೊಂಡೇ ಹೋಗುತ್ತಿದ್ದ.

ಮಿಲ್ಲಿನ ಕಾರ್ಮಿಕ ಸಂಘಕ್ಕೆ ಅವನು ಕಾರ್ಯದರ್ಶಿಯಾದದ್ದು ಭಾಷಣ ಬರುತ್ತಿತ್ತು ಎಂದಲ್ಲ. ಭಾಷಣ ಅವನಿಗೆ ಬರುತ್ತಲೇ ಇರಲಿಲ್ಲ. ಬೇಡ ಅನ್ನಲು ಬಾರದವರನ್ನು ಹಿಡಿದು ಕೂರಿಸುವುದು ಎಲ್ಲ ಸಂಘಗಳ ಪದ್ಧತಿ. ಬರೆಯುವುದೂ ಬರದು, ಕಾಗದಗಳನ್ನೆಲ್ಲ ನಾನು ಬರೆದುಕೊಡುತ್ತಿದ್ದೆ. ಅಧ್ಯಕ್ಷ ಇಲೈತಿಯಾ, ಕಬ್ಬಿನ ರೈಲು ಓಡಿಸುವವನು, ನದಿಯಾಚೆಯ ಫಿಜಿಯನ್ನರ ಹಳ್ಳಿಯವನು, ಬಾಗಿಲಿಗೆ ತಲೆ ತಗುಲುವಷ್ಟು ಎತ್ತರ. ಇಬ್ಬರೂ ಹದಿನಾಲ್ಕು ವರ್ಷ ಜೋಡಿ ಎತ್ತಿನ ಹಾಗೆ ಸಂಘ ಎಳೆದರು. ಇಲೈತಿಯಾ ನಮ್ಮಣ್ಣನನ್ನು ಭಾವ ಎನ್ನುತ್ತಿದ್ದ. ಅವರಲ್ಲಿ ಭಾವನಾದವನನ್ನು ಎಷ್ಟು ಬೈದರೂ ತಪ್ಪಿಲ್ಲ.

"ಭಾವ, ನಿಂಗೆ ಸಕ್ಕರೆ ಕುದಿಸೋದು ಗೊತ್ತು, ಮ್ಯಾನೇಜರನ್ನ ಕುದಿಸೋದು ಗೊತ್ತಿಲ್ಲ."

"ನೀನು ರೈಲು ಬಿಡೋದು ಗೊತ್ತಿದ್ದೋನು. ಮಾತಲ್ಲೂ ಅದನ್ನೇ ಬಿಡ್ತೀಯ."

ಸೈನ್ಯ ಸರ್ಕಾರವನ್ನು ಕಿತ್ತುಹಾಕಿ ಕೂತ ಮೂರನೇ ವರ್ಷಕ್ಕೆ ತುರ್ತು ಆಡಳಿತ ಬಂತು. ಮೂವರು ಸೇರಿದರೆ ಸಭೆ, ಸಭೆಗೆ ಪರವಾನಗಿ. ಪರವಾನಗಿ ಕೇಳಲು ಹೋದರೆ, ಯಾಕೆ ಸಭೆ, ಯಾರು ಬರುತ್ತಾರೆ, ಏನು ಮಾತಾಡುತ್ತೀರಿ, ಎಷ್ಟು ಗಂಟೆಗೆ ಏಳುತ್ತೀರಿ. ಎಲ್ಲ ಬರೆದುಕೊಟ್ಟ ಮೇಲೆ ಕೊಡುವುದಿಲ್ಲ ಅನ್ನುವರು. ವಿರೋಧಪಕ್ಷದವರೊಬ್ಬರು ನಮ್ಮ ಬಡಾವಣೆಗೆ ಬಂದು ಅರ್ಧ ಲೋಟ ನಿಂಬೆ ಪಾನಕ ಕುಡಿಯುವಷ್ಟರಲ್ಲಿ ಜೀಪು ಬಂದು ಕರೆದುಕೊಂಡು ಹೋಯಿತು, ಎರಡು ದಿನದ ಮೇಲೆ ಅವರು ಮನೆಗೆ ಬಂದದ್ದು ಕುಂಟುತ್ತ. ಆಮೇಲೆ ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಅದೇ ನನಗೆ ತಡೆಯಲಾಗದೆ ಇದ್ದದ್ದು, ನಾವು ಅಷ್ಟು ಬೇಗ ಕಲಿತದ್ದು.

ಸತ್ತವರ ಹದಿಮೂರನೇ ದಿನದ ಊಟಕ್ಕೆ ಮಾತ್ರ ಪರವಾನಗಿ ಬೇಡ. ನಮ್ಮಣ್ಣ ಸಂಘದ ಸಭೆಗಳನ್ನು ಅಲ್ಲಿಗೆ ಸಾಗಿಸಿದ. ಮಿಲ್ಲಿನ ಫಿಟ್ಟರುಗಳು, ಬಾಯ್ಲರಿನವರು, ರೈಲಿನವರು ಗುರುತು ಪರಿಚಯವಿಲ್ಲದ ಅಜ್ಜಿಯರ ತಿಥಿಗೆ ಅಚ್ಚುಕಟ್ಟಾಗಿ ಬಿಳಿ ಅಂಗಿ ಹಾಕಿಕೊಂಡು ಬಂದು, ಪೂರಿ ಕುಂಬಳಕಾಯಿ ಪಲ್ಯ ಹೊಡೆದು, ಹಿತ್ತಲಲ್ಲಿ ಕೂತು ಠರಾವು ಮಾಡುತ್ತಿದ್ದರು. ಅಷ್ಟೊಂದು ಸಂಕಟಪಡುವ ನೆಂಟರು ಆ ಮುದುಕಿಯರಿಗೆ ಬದುಕಿದ್ದಾಗ ಇರಲಿಲ್ಲ.

ಯಾರೋ ಒಬ್ಬ ಹೋಗಿ ಸೈನ್ಯದವರಿಗೆ ಹೇಳಿದ. ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಎರಡು ಸಾವಿರದ ಹನ್ನೊಂದರ ಆಗಸ್ಟ್, ಕಬ್ಬು ಅರೆಯುವ ಭರಾಟೆ. ಗುರುವಾರ ಪಾಳಿ ಮುಗಿಸಿ ಹೊರಬಂದ ಅಪ್ಪಲ್‌ಸಾಮಿ ಮತ್ತು ಇಲೈತಿಯಾರನ್ನು ಮಿಲ್ಲಿನ ಗೇಟಿನಲ್ಲೇ ಸೈನ್ಯದ ಟ್ರಕ್ಕಿಗೆ ಹತ್ತಿಸಿದರು. ಹತ್ತಿಸಿದವನು ಸಾರ್ಜೆಂಟ್ ಎರೋನಿ. ಇಲೈತಿಯಾನ ಪಕ್ಕದ ಹಳ್ಳಿಯ ಹುಡುಗನೇ. ಮರುದಿನ ಮಧ್ಯಾಹ್ನ ಇಬ್ಬರನ್ನೂ ಕಬ್ಬಿನ ರೈಲುಹಳಿಯ ಹತ್ತಿರ ಇಳಿಸಿ ಹೋದರು. ಇಳಿಸಿದರು ಅನ್ನುವುದು ಮರ್ಯಾದೆಯ ಮಾತು.

ಸೈನ್ಯದ ಶಿಬಿರದ ಮೈದಾನ ಸುತ್ತಿಸಿದ್ದರು, ತೆವಳಿಸಿದ್ದರು, ಬಿದ್ದಾಗ ಒದ್ದಿದ್ದರು. ಇಲೈತಿಯಾನ ಒಂದು ಕಿವಿಯ ತಮಟೆ ಹರಿದಿತ್ತು. ನಮ್ಮಣ್ಣ ಸಂಘದವರ ಹೆಸರು ಹೇಳಲಿಲ್ಲವೆಂದು ಎರೋನಿ ಅವನ ಬಲಗೈಯನ್ನು ಸಿಮೆಂಟಿನ ಮೇಲೆ ಊರಿಸಿ, ಬೂಟುಗಾಲಿನಿಂದ ಮೆಟ್ಟಿ ತಿರುವಿದ್ದ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜಜ್ಜಿಹೋದವು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಚೀಟಿಯಲ್ಲಿ "ಬಿದ್ದು ಪೆಟ್ಟು" ಎಂದು ಬರೆದು, ನಮ್ಮ ಮುಖ ನೋಡದೆ ಕೊಟ್ಟರು.

ಅತ್ತಿಗೆ ಅಚ್ಚಮ್ಮ ಅವನಿಗೆ ಅನ್ನ ಕಲಸಿ ತಿನ್ನಿಸುವಾಗ ನಾನು ನೋಡಲಾರದೆ ಎದ್ದುಹೋಗುತ್ತಿದ್ದೆ. ಅವನು ಮಾತ್ರ, "ಐವತ್ತು ವರ್ಷಕ್ಕೆ ಮತ್ತೆ ಕೂಸಾದೆ ನೋಡೋ" ಎಂದು ನಗುತ್ತಿದ್ದ.

ಪೊಲೀಸ್ ಠಾಣೆಗೆ ಮೂರು ಸಲ ಹೋದೆವು. ಎರಡು ಸಲ ಸಾಹೇಬರು ಊಟಕ್ಕೆ ಹೋಗಿದ್ದರು. ಬೆಳಗಿನ ಒಂಬತ್ತು ಗಂಟೆಗೆ ಏನು ಊಟವೋ! ಮೂರನೇ ಸಲ ಸಿಕ್ಕಿದರು. "ಮಿಲಿಟರಿ ವಿಷಯ ನಾವು ಬರ್ಕೊಳ್ಳೋಕಾಗಲ್ಲ ಸಾಮಿ. ನಿಮಗೇ ಗೊತ್ತು. ಸುಮ್ನೆ ನಮ್ಮನ್ನ ಯಾಕೆ ಸಿಕ್ಕಿಸ್ತೀರಿ?" ಎಂದು ನಮ್ಮನ್ನೇ ಬೇಡಿಕೊಂಡರು.

ಆಗ ಸಂಘದ ಕೇಂದ್ರದಿಂದ ಗುಟ್ಟಾಗಿ ಸುದ್ದಿ ಬಂತು. ಹೊರದೇಶದ ಕಾರ್ಮಿಕ ಸಂಘಗಳು ಸಿಡ್ನಿಯಿಂದ ಒಬ್ಬ ವಕೀಲೆಯನ್ನು ಕಳಿಸುತ್ತವೆ, ಸೆಪ್ಟೆಂಬರ್ ಕೊನೆಯಲ್ಲಿ ವಿಮಾನ ನಿಲ್ದಾಣವಿರುವ ನಾಂದಿ ಊರಿನ ಒಂದು ಹೋಟೆಲಿನಲ್ಲಿ ಎರಡು ದಿನ ಇರುತ್ತಾಳೆ, ಪೆಟ್ಟು ತಿಂದವರು ಪ್ರಮಾಣ ಮಾಡಿ ಹೇಳಿಕೆ ಕೊಡಬೇಕು, ಅದು ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯವರೆಗೂ ಹೋಗುತ್ತದೆ. ಹೊಡೆದವನ ಹೆಸರಿದ್ದು, ಒಂದೇ ಘಟನೆಗೆ ಇಬ್ಬರು ಸಹಿ ಹಾಕಿದರೆ ತಳ್ಳಿಹಾಕುವುದು ಕಷ್ಟ. ನಮ್ಮಣ್ಣನಿಗೆ ಜೀವ ಬಂದ ಹಾಗಾಯಿತು. "ನಾನೂ ಇಲೈತಿಯಾನೂ ಇಬ್ಬರಿದ್ದೀವಲ್ಲ, ಇಬ್ಬರೇ ಸಾಕು" ಅಂದ.

ಆದರೆ ಕ್ಷಮಿಸಿಬಿಡು ಎಂದು ಇಲೈತಿಯಾನ ಬೆನ್ನಿಗೆ ಊರೇ ಬಿದ್ದಿತ್ತು. ಅವರಲ್ಲಿ ಒಂದು ಕಟ್ಟಳೆ. ತಪ್ಪು ಮಾಡಿದವನ ಕಡೆಯ ಹಿರಿಯರು ಯಂಗೋನಾ ಬೇರಿನ ಹೊರೆ ತಂದು, ಪೆಟ್ಟು ತಿಂದವನ ಮನೆಯ ಚಾಪೆಯ ಮೇಲಿಟ್ಟು, ತಲೆ ತಗ್ಗಿಸಿ ಕೂರುತ್ತಾರೆ. ಮನೆಯ ಗಂಡಸು ಅದನ್ನು ಮುಟ್ಟಿ ಎತ್ತಿಕೊಂಡು, ಅಂಗೈ ಬೊಗಸೆ ಮಾಡಿ ಚಪ್ಪಾಳೆ ತಟ್ಟಿದರೆ ತಪ್ಪು ಮಣ್ಣಾಯಿತು. ಬೇರನ್ನು ಕುಟ್ಟಿ ನೀರಲ್ಲಿ ಕಲಸಿ ಎಲ್ಲರೂ ಕುಡಿಯುತ್ತಾರೆ. ಆಮೇಲೆ ಆ ಮಾತೆತ್ತಿದವನೇ ತಪ್ಪಿತಸ್ಥ. ಅತಿಥಿಯಾಗಿ ಬಂದಾಗಲೂ ಅದೇ ಬೇರನ್ನೇ ತರುವುದು, ನಾವು ಭಾರತೀಯರೂ ದಿನಾ ಅದನ್ನೇ ಕುಡಿಯುವುದು. ಕ್ಷಮೆಗೆ ತಂದದ್ದೆಂದು ತಿಳಿಯುವುದು ತಂದವರ ಮಾತಿನಿಂದ, ಕೂತ ರೀತಿಯಿಂದ.

ಹಿರಿಯರು ಇಲೈತಿಯಾನ ಮನೆಗೆ ಬರುತ್ತೇವೆ ಎಂದು ಹೇಳಿಕಳಿಸಿದರು. ಪಾದ್ರಿಯೂ ಭಾನುವಾರದ ಉಪದೇಶದಲ್ಲಿ ಕ್ಷಮೆಯನ್ನೇ ಎತ್ತಿದ. ಇಲೈತಿಯಾ ಒಂದು ಉಪಾಯ ಹೂಡಿದ. ನಮ್ಮ ಜಗಲಿಯಲ್ಲಿ ಕೂತು ಹೇಳಿ ನಕ್ಕದ್ದು ನನಗೆ ಚೆನ್ನಾಗಿ ನೆನಪಿದೆ.

"ಮೊದ್ಲು ಭಾವನ ಮನೆಗೆ ಹೋಗಿ ಅಂದ್ಬಿಟ್ಟೆ. ಅವನ ಕೈ ಮುರಿದಿದೆ, ನಂದು ಬರೀ ಕಿವಿ. ಅವನ ಮನೇಲಿ ತಗೊಂಡ್ರೆ ನಾನೂ ತಗೊಂಡ ಹಾಗೆ ಅಂದೆ. ಈಗ ನೀನು ತಗೋಬೇಡ, ಅಷ್ಟೇ. ನೀನು ಗಟ್ಟಿ ಇರೋವರೆಗೂ ನಂಗೆ ಯಾರೂ ಏನೂ ಅನ್ನೋ ಹಾಗಿಲ್ಲ."

"ನಾನು ತಗೋತೀನಾ? ಎರೋನಿ ನನ್ನ ಮೆಟ್ಟಿದ್ದು ಸರ್ಕಾರದ ಬೂಟಲ್ಲಿ. ಬೇಡೋಕೆ ಮಾತ್ರ ಪಕ್ಕದೂರಿನ ಹುಡುಗನಾಗಿ ಬರ್ತಾನಾ? ಇಬ್ಬರಲ್ಲಿ ಯಾರನ್ನ ಕ್ಷಮಿಸಲಿ ನಾನು? ಬೂಟು ಕೊಟ್ಟೋರು ಬರ್ಲಿ ಹೊರೆ ಹೊತ್ಕೊಂಡು. ಅವತ್ತು ನೋಡೋಣ."

ಅಣ್ಣನಿಗೆ ವರ್ಷದ ಆ ಕೋಪ ಬಂದದ್ದು ಅವತ್ತು. ನಾನು ಅಲ್ಲೇ ಇದ್ದೆ. ಪ್ರತಿ ಮಾತನ್ನೂ ಕೇಳಿದ್ದೇನೆ.

ಅದಾದ ವಾರಕ್ಕೆ, ಬುಧವಾರ, ನನ್ನ ಕ್ಲಾಸಿಗೆ ಇಬ್ಬರು ಸೈನಿಕರು ಬಂದರು. ಯಾರನ್ನೂ ಕೇಳಲಿಲ್ಲ. ಹಿಂದಿನ ಸಾಲಿನಲ್ಲಿ ಎರಡು ಪುಟ್ಟ ಕುರ್ಚಿಗಳಿದ್ದವು, ಮಂಡಿ ಎದೆಗೆ ಬರುವ ಹಾಗೆ ಅವುಗಳಲ್ಲೇ ಕೂತರು. ಬಂದೂಕುಗಳನ್ನು ತೊಡೆಯ ಮೇಲಿಟ್ಟುಕೊಂಡರು. ನಾನು ಭಿನ್ನರಾಶಿ ಹೇಳಿಕೊಡುತ್ತಿದ್ದೆ. ಅರ್ಧಕ್ಕೆ ಕಾಲು ಕೂಡಿಸಿದರೆ ಎಷ್ಟು ಎಂದು ಬೋರ್ಡಿನ ಮೇಲೆ ಬರೆದೆ, ಉತ್ತರ ನನಗೇ ಹೊಳೆಯಲಿಲ್ಲ. ನಲವತ್ತು ನಿಮಿಷ ಕೂತು, ಗಂಟೆ ಹೊಡೆದ ಮೇಲೆ ಎದ್ದರು. ಒಬ್ಬ ಹೋಗುವಾಗ ನನ್ನ ಭುಜ ತಟ್ಟಿದ.

"ಚೆನ್ನಾಗಿ ಪಾಠ ಮಾಡ್ತೀರಿ ಮೇಷ್ಟ್ರೇ. ಒಳ್ಳೇ ಕೆಲಸ, ಉಳಿಸ್ಕೊಳ್ಳಿ. ಅಣ್ಣಾವ್ರು ಹೇಗಿದ್ದಾರೆ?"

ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಬಸ್ಸಿನವನ ಮೇಲೆ, ಬೇಳೆಯ ಮೇಲೆ, ಮಕ್ಕಳ ಮೇಲೆ ಬರುತ್ತಿದ್ದ ನನ್ನ ಕೋಪ ಆ ನಲವತ್ತು ನಿಮಿಷ ಎಲ್ಲಿ ಹೋಗಿತ್ತೋ! ಬೊಗಳುವ ನಾಯಿ ಕಚ್ಚುವುದಿಲ್ಲ ಅನ್ನುವುದು ನನ್ನನ್ನು ನೋಡಿಯೇ ಹೇಳಿರಬೇಕು.

ಶನಿವಾರ ಬೆಳಿಗ್ಗೆ ಅಣ್ಣ ಅತ್ತಿಗೆ ಕೈಯ ಕಟ್ಟು ಬಿಚ್ಚಿಸಲು ಆಸ್ಪತ್ರೆಗೆ ಹೋಗಿದ್ದರು. ನಾನೊಬ್ಬನೇ ಅವನ ಜಗಲಿಯಲ್ಲಿ ಕೂತು ಮಕ್ಕಳ ಪುಸ್ತಕ ತಿದ್ದುತ್ತಿದ್ದೆ. ನದಿಯಾಚೆಯ ಐವರು ಅಂಗಳಕ್ಕೆ ಬಂದರು. ಮುಂದೆ ವಿಲ್ಯಾಮೆ ತಾತ. ಅಪ್ಪನ ಕಾಲದಲ್ಲಿ ನಮ್ಮ ಕಬ್ಬು ಕಡಿಯುವ ತಂಡದಲ್ಲಿದ್ದವರು, ನಮ್ಮವ್ವನ ಕೈಯ ರೊಟ್ಟಿ ತಿಂದವರು, ನನ್ನನ್ನು ಹೆಗಲ ಮೇಲೆ ಹೊತ್ತವರು. ಕೈಯಲ್ಲಿ ಯಂಗೋನಾ ಬೇರಿನ ದೊಡ್ಡ ಹೊರೆ. ಎಲ್ಲರಿಗಿಂತ ಹಿಂದೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಎರೋನಿ.

ಒಳಗೆ ಕರೆದು ಕುರ್ಚಿ ಕೊಟ್ಟರೆ ಕೂರಲಿಲ್ಲ. ಚಾಪೆಯ ತುದಿಯಲ್ಲಿ ಕೂತರು. ಎರೋನಿ ಬಾಗಿಲ ಹೊರಗೇ ಕೂತು ನೆಲ ನೋಡುತ್ತಿದ್ದ. ತಾತ ಹೊರೆಯನ್ನು ಮುಂದಿಟ್ಟು ತಮ್ಮ ಹಿರಿಯರ ಗಂಭೀರ ಭಾಷೆಯಲ್ಲಿ ಶುರುಮಾಡಿದರು.

ಇಲ್ಲೊಂದು ವಿಷಯ ಹೇಳಿಬಿಡಬೇಕು. ನಮ್ಮ ಬಡಾವಣೆಯಲ್ಲಿ ಆ ಭಾಷೆ ನನ್ನಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಟ್ರೈನಿಂಗ್ ಕಾಲೇಜಿನಲ್ಲಿ ಮೂರು ವರ್ಷ ಅವರ ಜೊತೆಯೇ ಉಂಡು ಮಲಗಿದವನು ನಾನು. ಆಮೇಲೆ ಎಲ್ಲರಿಗೂ ನಾನು, ನಂಟಸ್ತನಕ್ಕೆ ಬಂದರು ಅಂದುಕೊಂಡೆ, ಕಾಯಿಲೆಯವನನ್ನು ನೋಡಲು ಬಂದರು ಅಂದುಕೊಂಡೆ ಎಂದು ಹೇಳಿದೆ. ಸುಳ್ಳು. ತಾತ ಬಾಯಿ ತೆರೆಯುವ ಮೊದಲೇ, ಎರೋನಿ ಕೂತ ರೀತಿಯಲ್ಲೇ, ನನಗೆ ಗೊತ್ತಿತ್ತು.

ತಾತ ಕೊನೆಗೆ ನಮ್ಮ ಆಡುಮಾತಿಗೆ ಇಳಿದರು. "ಮಗಾ, ಹುಡ್ಗ ತಪ್ಪು ಮಾಡವ್ನೆ. ಅಪ್ಪಣೆ ಕೊಟ್ಟೋರು ಬೇರೆ, ಹೇಸಿಗೆ ನಮ್ಮ ಊರಿನ ಮೈಗೆ ಮೆತ್ಕೊಂಡೈತೆ. ನಿಮ್ಮಪ್ಪನ ಮನೆ ಬಾಗ್ಲಲ್ಲಿ ನಾನು ಈ ವಯಸ್ನಾಗೆ ತಲೆ ಬಗ್ಗಿಸ್ಕೊಂಡು ಕುಂತಿವ್ನಿ. ಎತ್ಕೋ ಮಗಾ."

ಅಣ್ಣ ಬರಲಿ ತಾತ, ಅವನೇ ಹೇಳಲಿ, ಅಂದರೆ ಆಗಿತ್ತು. ಐದು ಪದ. ಅವರು ಕಾಯುತ್ತಿದ್ದರು, ಬೇಸರಪಟ್ಟುಕೊಳ್ಳುತ್ತಲೂ ಇರಲಿಲ್ಲ. ಆದರೆ ನನ್ನ ಕಣ್ಣ ಮುಂದೆ ಆ ಎರಡು ಪುಟ್ಟ ಕುರ್ಚಿಗಳಿದ್ದವು. ಮಣ್ಣಾಗಲಿ, ಎಲ್ಲ ಮಣ್ಣಾಗಲಿ, ನನ್ನ ಕ್ಲಾಸಿಗೆ ಮತ್ತೆ ಯಾರೂ ಬರುವುದು ಬೇಡ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನಾನು ಬಗ್ಗಿ ಹೊರೆಯನ್ನು ಎತ್ತಿಕೊಂಡು ಮೂರು ಸಲ ಚಪ್ಪಾಳೆ ತಟ್ಟಿದೆ. ಬಾಗಿಲಾಚೆ ಎರೋನಿ ಅಳುತ್ತಿದ್ದ. ಅದೂ ನಾಟಕವಲ್ಲ, ನಿಜವಾದ ಅಳುವೇ. ಅದು ನನಗೆ ಇನ್ನೂ ಸಿಟ್ಟು ತರಿಸುತ್ತದೆ.

ಬೇರು ಕುಟ್ಟಿದೆವು, ಬೋಗುಣಿಯಲ್ಲಿ ಕಲಸಿದೆವು, ಕರಟದಲ್ಲಿ ಸುತ್ತು ಹೋಯಿತು. ನಾನು ನಾಲ್ಕು ಕರಟ ಕುಡಿದೆ. ನಾಲಿಗೆ ಜೋಮು ಹಿಡಿಯಿತು. ಅಣ್ಣ ಅತ್ತಿಗೆ ಬರುವ ಹೊತ್ತಿಗೆ ಬೋಗುಣಿ ತಳ ಕಂಡಿತ್ತು. ಎರೋನಿ ನಮ್ಮಣ್ಣನ ಮುಂದೆ ಬಗ್ಗಿ, ಬಗ್ಗಿದವನು ಹಾಗೆಯೇ ದಾಟಿ ಹೋದ.

"ಯಾಕೋ ಬಂದಿದ್ದ ಇವನು?" ಅಂದ ಅಣ್ಣ.

"ತಾತ ನಿನ್ನ ನೋಡೋಕೆ ಬಂದಿದ್ರು. ಇವನು ಜೊತೇಲಿ ಬಂದ."

ಅಣ್ಣ ಖಾಲಿ ಬೋಗುಣಿ ನೋಡಿದ, ನನ್ನನ್ನು ನೋಡಿದ, ಒಳಗೆ ಹೋದ. ನನ್ನ ಮೇಲೆ ಅನುಮಾನ ಪಡುವುದು ಅವನಿಗೆ ಗೊತ್ತೇ ಇರಲಿಲ್ಲ.

ಸೋಮವಾರ ಸಂಜೆ ಇಲೈತಿಯಾ ಬಂದ. ಮೆಟ್ಟಿಲು ಹತ್ತಲಿಲ್ಲ.

"ನಿಮ್ಮನೇಲಿ ತಗೊಂಡ್ರಂತೆ ಭಾವ."

"ಏನು ತಗೊಂಡ್ವಿ?"

"ನೀನು ಆಟ ಆಡಬೇಡ. ಊರಿಗೆಲ್ಲ ಗೊತ್ತಾಗಿದೆ. ನಿನ್ನೆ ಚರ್ಚಲ್ಲಿ ಪಾದ್ರಿ ದೇವರಿಗೆ ಸ್ತೋತ್ರ ಹೇಳಿದ. ಇವತ್ತು ಠಾಣೆಯಿಂದ ಫೋನ್ ಮಾಡಿದ್ರು, ನಿಮ್ದು ಪದ್ಧತಿ ಪ್ರಕಾರ ಮುಗೀತಂತಲ್ಲ, ನಾವು ಬರೆದಿಟ್ಕೊಂಡ್ವಿ ಅಂತ. ದೂರು ಬರ್ಕೊಳ್ಳೋಕೆ ಪೆನ್ನು ಇರಲಿಲ್ಲ, ಇದಕ್ಕೆ ಸಿಕ್ತು."

ಅಣ್ಣ ನನ್ನ ಕಡೆ ತಿರುಗಿದ. ನಾನು ಪುಸ್ತಕದಿಂದ ತಲೆ ಎತ್ತದೆ ಹೇಳಿದೆ, "ನಂಗೆ ಗೊತ್ತಾಗ್ಲಿಲ್ಲಣ್ಣ. ನಂಟಸ್ತನಕ್ಕೆ ತಂದಿದ್ದು ಅಂದ್ಕೊಂಡೆ."

"ನಿಂಗೆ ಗೊತ್ತಾಗ್ಲಿಲ್ಲ? ನಿಂಗೆ?" ಅಂದ ಇಲೈತಿಯಾ.

"ಬಿಡು, ಅವನು ಪುಸ್ತಕದ ಹುಳ. ಭಾಷೆ ಗೊತ್ತು, ಲೋಕ ಗೊತ್ತಿಲ್ಲ," ಅಂದ ಅಣ್ಣ. "ಅವನು ತಗೊಂಡ್ರೆ ನಾನು ತಗೊಂಡ ಹಾಗಾ? ಪೆಟ್ಟು ತಿಂದಿದ್ದು ನಾನು. ನಾಳೆ ವಾಪಸ್ ಕೊಟ್ಟು ಬರ್ತೀನಿ."

"ಕುಡಿದಿದ್ದನ್ನ ಹೇಗೆ ವಾಪಸ್ ಕೊಡ್ತೀಯ? ಮಣ್ಣು ಮಾಡಿದ್ದನ್ನ ಅಗೆಯೋ ಹಾಗಿಲ್ಲ ಭಾವ. ನಾನೇ ಊರಿಗೆ ಹೇಳಿದ್ನಲ್ಲ, ನೀನು ತಗೊಂಡ್ರೆ ನಾನೂ ತಗೊಂಡ ಹಾಗೆ ಅಂತ. ಈಗ ಸಹಿ ಹಾಕಿದ್ರೆ ನನ್ನ ಹೆಂಡ್ತಿ ಮಕ್ಕಳು ಆ ಊರಲ್ಲಿ ತಲೆ ಎತ್ತೋ ಹಾಗಿಲ್ಲ. ನನ್ನ ಗೋಡೆ ನೀನಾಗಿದ್ದೆ. ಬಿದ್ದೋಯ್ತು."

ಅಣ್ಣ ಕೇಳಲಿಲ್ಲ. ಮರುದಿನ ಮಾರುಕಟ್ಟೆಗೆ ಹೋಗಿ, ತಾತ ತಂದದ್ದಕ್ಕಿಂತ ದೊಡ್ಡ ಹೊರೆ ಕೊಂಡು, ಎಡಗೈಯಲ್ಲಿ ಹೊತ್ತುಕೊಂಡು ನದಿಯಾಚೆಗೆ ಹೊರಟ. ನಾನೂ ಹೋದೆ. ತಾತ ಅದನ್ನು ಕಂಡು ಮುಖ ಅರಳಿಸಿ, "ಪ್ರತಿಯಾಗಿ ತಂದ್ಯಾ ಮಗಾ, ನಿಮ್ಮಪ್ಪನ ಬುದ್ಧಿ ನಿಂಗೆ ಬಂದೈತೆ" ಎಂದು ಕೈ ಚಾಚಿದರು. ಇದು ಮರ್ಯಾದೆಗೆ ತಂದದ್ದಲ್ಲ, ಹಿಂದಿರುಗಿಸಲು ತಂದದ್ದು ಎಂದು ಅಣ್ಣ ಹೇಳಿದ. ಅವರಿಗೆ ಅದು ಅರ್ಥವೇ ಆಗಲಿಲ್ಲ. ಹಿಂದಿರುಗಿಸಿದವರನ್ನು ಅವರು ಎಂಬತ್ತು ವರ್ಷದಲ್ಲಿ ಕಂಡಿರಲಿಲ್ಲ. ತಾತನ ಹೆಂಡತಿ ನಮಗೆ ಬೇಯಿಸಿದ ಮರಗೆಣಸು, ಡಬ್ಬಿ ಮೀನು ಬಡಿಸಿದಳು. ಅಣ್ಣ ಎಡಗೈಯಲ್ಲಿ ತಿಂದ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಊಟ ಹಾಕುವವರ ಜೊತೆ ಏನು ಜಗಳ ಆಡುವುದು? ಹೊರೆಯನ್ನು ಮತ್ತೆ ಹೊತ್ತುಕೊಂಡು, ಗಾಜಿಲ್ಲದ ಬಸ್ಸಿನಲ್ಲಿ ದೂಳು ಕುಡಿಯುತ್ತ ಬಂದೆವು.

ನಾಂದಿಗೆ ಹೋಗುವ ದಿನ ಬಂತು. ಇಲೈತಿಯಾ ತನ್ನ ಹಳೇ ಕಾರು ತಂದ. "ಸಹಿ ಹಾಕಲ್ಲ. ಬಿಡೋಕೆ ಮಾತ್ರ ಬರ್ತೀನಿ. ಡ್ರೈವರಿಗೆ ಪರವಾನಗಿ ಬೇಡ ತಾನೆ?" ಅಂದ. ದಾರಿಯುದ್ದಕ್ಕೂ ತನ್ನ ಒಳ್ಳೆಯ ಕಿವಿಯನ್ನು ಅಣ್ಣನ ಕಡೆ ಇಟ್ಟುಕೊಂಡು ಓಡಿಸಿದ. ಹೋಟೆಲ್ ಮುಂದೆ ಮಾವಿನ ಮರದಡಿ ಕಾರು ನಿಲ್ಲಿಸಿ, ಟೋಪಿ ಮುಖಕ್ಕೆಳೆದುಕೊಂಡು ಮಲಗಿದಂತೆ ಮಾಡಿದ.

ಸಿಡ್ನಿಯ ವಕೀಲೆ ಬಿಳಿಕೂದಲಿನ ಹೆಂಗಸು. ಹೋಟೆಲ್ ಕೋಣೆಯ ಮಂಚದ ಮೇಲೆಲ್ಲ ಕಾಗದ. ಅಣ್ಣನ ಕೈಯನ್ನು ಮುಟ್ಟದೆ, ಎಲ್ಲ ಕಡೆಯಿಂದ ಫೋಟೋ ತೆಗೆದಳು. ಠಾಣೆಯವರು ಕ್ಷಮೆಯ ಮಾತು ಎತ್ತಿರುವುದು ಅವಳಿಗಾಗಲೇ ಗೊತ್ತಿತ್ತು. ಇಲೈತಿಯಾ ಸಹಿ ಹಾಕುವುದಿಲ್ಲ ಎಂದಾಗ ತುಟಿ ಕಚ್ಚಿಕೊಂಡಳು. ಆಮೇಲೆ ನನ್ನನ್ನು ನೋಡಿದಳು.

"ಹಾಗಾದ್ರೆ ನಿಮ್ಮ ಹೇಳಿಕೆ ಬೇಕಾಗುತ್ತೆ. ಯಂಗೋನಾ ತಗೊಂಡಾಗ ಅದು ಯಾಕೆ ಅಂತ ನಿಮಗೆ ಗೊತ್ತಿರಲಿಲ್ಲ, ಅಣ್ಣ ನಿಮಗೆ ಒಪ್ಪಿಗೆ ಕೊಟ್ಟಿರಲಿಲ್ಲ. ಇಷ್ಟು ನೀವು ಪ್ರಮಾಣ ಮಾಡಿ ಹೇಳಿದ್ರೆ ಆ ಕ್ಷಮೆ ನಿಲ್ಲಲ್ಲ."

"ಅದಕ್ಕೇ ಕರ್ಕೊಂಡು ಬಂದಿರೋದು," ಅಂದ ಅಣ್ಣ, ಹೆಮ್ಮೆಯಿಂದ. "ನನ್ನ ತಮ್ಮ ಮೇಷ್ಟ್ರು. ಸುಳ್ಳು ಹೇಳಲ್ಲ."

ಅವಳು ಟೈಪ್ ಮಾಡಿ ಕಾಗದ ತೆಗೆದು ನನ್ನ ಮುಂದಿಟ್ಟಳು. ಸಹಿ ಹಾಕಿದರೆ ಅಣ್ಣನ ದೂರು ಉಳಿಯುತ್ತಿತ್ತು. ಒಂದೇ ಒಂದು ಸುಳ್ಳು, ಅದೂ ಹನ್ನೊಂದು ದಿನದಿಂದ ಊರಿಗೆಲ್ಲ ಹೇಳಿಕೊಂಡು ಬಂದದ್ದೇ. ನಾನು ಹೇಡಿ ಎಂದು ನನಗೆ ಗೊತ್ತು, ಸತ್ಯವಂತ ಎಂದು ಬಡಾಯಿ ಕೊಚ್ಚುವುದಿಲ್ಲ. ಆದರೆ "ಸುಳ್ಳು ಹೇಳಲ್ಲ" ಎಂದು ಅವನು ಅಂದ ಮೇಲೆ ಪೆನ್ನು ಮುಂದಕ್ಕೆ ಹೋಗಲಿಲ್ಲ.

"ಗೊತ್ತಿತ್ತು," ಅಂದೆ.

"ಹೆದರ್ಕೋಬೇಡ, ಹಾಕು," ಅಂದ ಅಣ್ಣ.

"ಗೊತ್ತಿತ್ತಣ್ಣ. ತಾತ ಮಾತಾಡೋಕೆ ಮುಂಚೇನೇ ಗೊತ್ತಿತ್ತು. ಗೊತ್ತಿದ್ದೇ ತಗೊಂಡೆ."

ಹೊರಗೆ ಯಾರೋ ಈಜುಕೊಳಕ್ಕೆ ಧುಮುಕಿದ ಸದ್ದು, ಪ್ರವಾಸಿ ಮಕ್ಕಳ ಕಿರುಚಾಟ. ವಕೀಲೆ ಮೆಲ್ಲಗೆ ಕಾಗದವನ್ನು ಹಿಂದೆ ಎಳೆದುಕೊಂಡಳು. "ಹಾಗಿದ್ರೆ ನಿಮ್ಮ ಹೇಳಿಕೆ ಸೇರಿಸದೇ ಇರೋದು ಒಳ್ಳೇದು. ನಿಮ್ಮಣ್ಣಂದು ಒಂದನ್ನೇ ಕಳಿಸ್ತೀನಿ. ಕಷ್ಟ. ಆದ್ರೂ ನೋಡೋಣ."

ಅಣ್ಣ ಅವಳ ಕಡೆ ನೋಡಲಿಲ್ಲ. "ಯಾಕೆ?" ಎಂದು ನನ್ನನ್ನು ಕೇಳಿದ.

ಬುಧವಾರದ್ದು ಹೇಳಿದೆ. ಪುಟ್ಟ ಕುರ್ಚಿಗಳು, ಬಂದೂಕು, ಭಿನ್ನರಾಶಿ, ಭುಜ ತಟ್ಟಿದ್ದು. ಹೇಳುವಾಗ ನನಗೆ ಅಳು ಬಂತು. ನಲವತ್ತೊಂದು ವರ್ಷದವನು, ಪರದೇಶದ ಹೆಂಗಸಿನ ಮುಂದೆ ಬಿಕ್ಕಿಬಿಕ್ಕಿ ಅತ್ತೆ.

"ನಂಗೆ ಯಾಕೋ ಹೇಳ್ಲಿಲ್ಲ?"

"ನಿಂಗೇ ಕೈ ಮುರಿದಿತ್ತಲ್ಲಣ್ಣ. ನಂಗೇನಾಗಿತ್ತು? ಕ್ಲಾಸಲ್ಲಿ ಬಂದು ಕೂತ್ರು, ಎದ್ದು ಹೋದ್ರು. ಮುಟ್ಟಲೂ ಇಲ್ಲ."

ಅಣ್ಣ ಹೊಡೆಯುತ್ತಾನೆ ಅಂದುಕೊಂಡೆ, ಹೊಡೆದರೆ ಸಾಕು ಅಂದುಕೊಂಡೆ. ಅವನು ಕುರ್ಚಿಯನ್ನು ವಕೀಲೆಯ ಹತ್ತಿರಕ್ಕೆಳೆದ.

"ಮೊದ್ಲು ಇವನದು ಬರ್ಕೊಳ್ಳಿ ಅಮ್ಮ. ಕ್ಲಾಸಿಗೆ ಬಂದು ಕೂತಿದ್ರಲ್ಲ, ಅಲ್ಲಿಂದ ಶುರು ಮಾಡಿ. ಗೊತ್ತಿದ್ದೇ ತಗೊಂಡ ಅಂತಾನೂ ಬರ್ಕೊಳ್ಳಿ. ನನ್ನ ಕೈ ಯಾರಿಗಾದ್ರೂ ಕಾಣತ್ತೆ. ಇವನಿಗೆ ಮಾಡಿದ್ದು ಯಾರಿಗೂ ಕಾಣಲ್ಲ."

ನನ್ನ ಹೇಳಿಕೆಗೆ ಒಂದು ಗಂಟೆ ಹಿಡಿಯಿತು. ಅಣ್ಣ ತನ್ನದಕ್ಕೆ ಎಡಗೈಯಲ್ಲಿ ಸಹಿ ಹಾಕಿ, ನನ್ನನ್ನು ಕಾಯದೆ ಎದ್ದು ಹೋಗಿ ಕಾರಿನಲ್ಲಿ ಕೂತ. ಮನೆ ಮುಟ್ಟುವವರೆಗೂ ನನ್ನ ಜೊತೆ ಮಾತಾಡಲಿಲ್ಲ. ಆಮೇಲೂ ಆಡಲಿಲ್ಲ. ಅಂಗಳದ ಆಚೆಯಿಂದ ಮೇಷ್ಟ್ರೇ ಎಂಬ ಕೂಗು ನಿಂತಿತು. ಏನಾದರೂ ಬೇಕಿದ್ದರೆ ಅತ್ತಿಗೆ ಬಂದು ಹೇಳುತ್ತಿದ್ದಳು.

ಆ ಕಾಗದಗಳು ಹೋದವು. ಎಲ್ಲಿಗೆ ಹೋದವೋ, ಯಾರು ಓದಿದರೋ! ಮುಂದಿನ ಜನವರಿಯಲ್ಲಿ ತುರ್ತು ಆಡಳಿತ ಎತ್ತಿದರು, ಎತ್ತಿದ ಕೈಯಲ್ಲೇ ಅದೇ ಬಣ್ಣದ ಬೇರೆ ಆಜ್ಞೆ ಇಳಿಸಿದರು. ಎರೋನಿಯನ್ನು ಶಾಂತಿಪಡೆಗೆ ಸೇರಿಸಿ ಯಾವುದೋ ಮರುಭೂಮಿಗೆ ಕಳಿಸಿದರು. ಶಾಂತಿ ಕಾಯಲು! ಮ್ಯಾನೇಜರು ಅಣ್ಣನನ್ನು ಹಂಡೆಯಿಂದ ಇಳಿಸಿ ಗೋದಾಮಿನಲ್ಲಿ ಚೀಲ ಎಣಿಸಲು ಕೂರಿಸಿದ. ಅವನು ಸಂಘ ಬಿಡಲಿಲ್ಲ. ಕಾಗದಗಳನ್ನು ಬೇರೆ ಯಾರಿಂದಲೋ ಬರೆಸಿದ.

ಆ ವರ್ಷ ಕಬ್ಬು ಅರೆದು ಮುಗಿದ ಮೇಲೆ ಬಡಾವಣೆಯಲ್ಲಿ ಒಂದು ಮದುವೆ. ಚಪ್ಪರದ ಕೆಳಗೆ ಇಪ್ಪತ್ತು ಮೂವತ್ತು ಗಂಡಸರು ಬೋಗುಣಿ ಸುತ್ತ ಕೂತಿದ್ದೆವು. ಅಣ್ಣ ಆ ಕಡೆ, ನಾನು ಈ ಕಡೆ. ಲಾರಿ ಓಡಿಸುವ ಬಿಸುನ್ ನನಗೆ ಕರಟ ಕೊಡುತ್ತ, ಎಲ್ಲರಿಗೂ ಕೇಳುವ ಹಾಗೆ ಅಂದ, "ತಗೊಳ್ಳಿ ಮೇಷ್ಟ್ರೇ. ಅವತ್ತು ಕುಡಿದಿದ್ದು ಇದಕ್ಕಿಂತ ರುಚಿಯಾಗಿತ್ತಾ? ಅಣ್ಣನ ಕೈಬೆರಳು ಹಾಕಿ ಕುಟ್ಟಿದ್ರಂತಲ್ಲ."

ಕೆಲವರು ನಕ್ಕರು. ನಾನು ಕರಟ ಹಿಡಿದುಕೊಂಡೇ ಕೂತಿದ್ದೆ.

"ಏಯ್ ಬಿಸುನ್, ನಾಲಿಗೆ ಬಿಗಿ ಹಿಡಿ," ಅಂದ ನಮ್ಮಣ್ಣ. ಅವನು ನನ್ನ ಕಡೆ ನೋಡಲೇ ಇಲ್ಲ. "ಪಾಪ, ಅವನಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಸತ್ರೂ ಮುಟ್ತಿರಲಿಲ್ಲ. ನನ್ನ ತಮ್ಮ ಅವನು."

ಎಲ್ಲರೂ ಹೌದು ಹೌದು ಎಂದು ತಲೆಯಾಡಿಸಿದರು. ಕರಟ ಕೈಯಲ್ಲಿ ಹಿಡಿದುಕೊಂಡು ನಾನೂ ತಲೆಯಾಡಿಸಿದೆ.